ಲೋಕದ ಪ್ರಶ್ನೆಗಳೂ ನಯದೃಷ್ಟಿಯ ಶಿಕ್ಷಣವೂ

ಅನೇಕಾಂತವು ಜೈನದರ್ಶನದ ಹೃದಯವೆಂದು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ದಶಲಕ್ಷಣ ಪರ್ವದ ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳು ಸಪ್ತಭಂಗಿಗಳನ್ನು ತಪ್ಪಿಲ್ಲದೆ ಹೇಳಿ ಬಹುಮಾನವನ್ನೂ ಪಡೆಯುತ್ತಾರೆ. ಆದರೆ ಅದೇ ಮಕ್ಕಳು ಪತ್ರಿಕೆಯಲ್ಲಿ ಒಂದು ವಿವಾದದ ಸುದ್ದಿಯನ್ನು ಓದಿದಾಗ ಒಂದೇ ಮಗ್ಗುಲಿನಿಂದ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಕಂಠಪಾಠವಾದ ತತ್ತ್ವವು ಬುದ್ಧಿಗೆ ಇಳಿಯಬೇಕಾದರೆ ಅದನ್ನು ಬಳಸುವ ಸಂದರ್ಭ ಒದಗಬೇಕು. ಸಾರ್ವಜನಿಕ ನೀತಿಯ ಪ್ರಶ್ನೆಗಳು ಅಂತಹ ಸಂದರ್ಭವನ್ನು ಒದಗಿಸಬಲ್ಲವು ಎಂಬುದು, ನಮ್ಮ ಊರಿನ ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿರುವ ನನ್ನ ಅನುಭವ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಯೂಜೀನ್ ಬಾರ್ಡಾಕ್ ಅವರು ಇಂತಹ ಪ್ರಶ್ನೆಗಳ ವಿಶ್ಲೇಷಣೆಗೆ ಎಂಟು ಹೆಜ್ಜೆಗಳ ಕ್ರಮವೊಂದನ್ನು ರೂಪಿಸಿದ್ದಾರೆ. ಸಮಸ್ಯೆಯನ್ನು ನಿರೂಪಿಸುವುದು, ಸಾಕ್ಷ್ಯವನ್ನು ಕೂಡಿಸುವುದು, ಪರ್ಯಾಯಗಳನ್ನು ಕಟ್ಟುವುದು, ಅವುಗಳನ್ನು ಅಳೆಯುವ ಮಾನದಂಡಗಳನ್ನು ಆರಿಸುವುದು, ಫಲಗಳನ್ನು ಅಂದಾಜು ಮಾಡುವುದು, ಲಾಭನಷ್ಟಗಳನ್ನು ತೂಗುವುದು, ನಿರ್ಧರಿಸುವುದು, ಕೊನೆಗೆ ಅದನ್ನು ಇತರರಿಗೆ ತಿಳಿಯುವಂತೆ ಹೇಳುವುದು. ಈ ಕ್ರಮವನ್ನು ಓದಿದಾಗ ನನಗೆ ಅದು ಪರಕೀಯವೆನಿಸಲಿಲ್ಲ. ವಸ್ತುವಿನ ಅರಿವು ಪ್ರಮಾಣ ಮತ್ತು ನಯಗಳಿಂದ ಉಂಟಾಗುತ್ತದೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿಯೇ ಹೇಳಿದ್ದಾರಲ್ಲವೇ?

ನಾನು ಪಾಠಕ್ಕೆ ಎತ್ತಿಕೊಂಡದ್ದು ನಮ್ಮವರಿಗೆ ಅತ್ಯಂತ ಕಠಿನವಾದ ಪ್ರಶ್ನೆಯನ್ನೇ. ಅದು ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆಯ ಪ್ರಶ್ನೆ. ಬೇಯಿಸಿದ ಊಟವನ್ನು ಶಾಲೆಗಳಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾಯಿತು. ಆಮೇಲೆ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನಗಳಿಗೂ ಬಂತು. ಸಸ್ಯಾಹಾರಿ ಸಮುದಾಯಗಳಿಂದ ವಿರೋಧವೂ ವ್ಯಕ್ತವಾಯಿತು.

"ಸಮಸ್ಯೆ ಏನು? ಒಂದೇ ವಾಕ್ಯದಲ್ಲಿ ಬರೆಯಿರಿ" ಎಂದೆ. ಹತ್ತನೆಯ ತರಗತಿಯ ಒಬ್ಬ ಹುಡುಗ ಹಲಗೆಯ ಮೇಲೆ "ಶಾಲೆಗಳಲ್ಲಿ ಮೊಟ್ಟೆ ಕೊಡುತ್ತಿದ್ದಾರೆ" ಎಂದು ಬರೆದ. "ಇದು ಸಮಸ್ಯೆಯೋ, ಬೇರೊಂದು ಸಮಸ್ಯೆಗೆ ಯಾರೋ ಕೊಟ್ಟ ಉತ್ತರವೋ?" ಎಂದು ಕೇಳಿದೆ. ಮಕ್ಕಳು ಸುಮ್ಮನಾದರು. ಬಳಿಕ ಹುಡುಗಿಯೊಬ್ಬಳು ಅದನ್ನು ಒರೆಸಿ "ಬಡ ಮಕ್ಕಳಿಗೆ ಸಾಕಷ್ಟು ಪೋಷಣೆ ಸಿಗುತ್ತಿಲ್ಲ" ಎಂದು ಬರೆದಳು. ನೀತಿ ವಿಶ್ಲೇಷಣೆಯ ಮೊದಲ ಪಾಠ ಇದೇ: ಪ್ರಶ್ನೆಯೊಳಗೆ ನಮ್ಮ ಉತ್ತರವನ್ನು ಬಚ್ಚಿಡಬಾರದು.

ಮುಂದೆ ಸಾಕ್ಷ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆಯಿದೆ. ಇದು ಎಲ್ಲವನ್ನೂ ಒಟ್ಟಾಗಿ ಹಿಡಿಯುವ ಸಂಗ್ರಹನಯ. ಜಿಲ್ಲೆಗಳನ್ನು ಬಿಡಿಸಿ ನೋಡುವುದು ವ್ಯವಹಾರನಯ. ಹಾಗೆ ನೋಡಿದಾಗ ಯಾದಗಿರಿಯಂತಹ ಕಡೆ ಎತ್ತರ ಕುಂಠಿತವಾದ ಮಕ್ಕಳ ಪ್ರಮಾಣವು ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚೆಂದು ಮಕ್ಕಳು ಕಂಡುಕೊಂಡರು. ಈ ಅಂಕಿಗಳು ಶಾಲೆಗೆ ಬರುವ ಮೊದಲಿನ ವಯಸ್ಸಿನವು, ಆದ್ದರಿಂದ ಶಾಲೆಯ ಊಟವೊಂದೇ ಇದಕ್ಕೆ ಪೂರ್ಣ ಉತ್ತರವಾಗಲಾರದು ಎಂಬುದನ್ನೂ ಒಬ್ಬನು ಗುರುತಿಸಿದ. ಇನ್ನು ವರ್ತಮಾನದ ಕ್ಷಣವನ್ನೇ ಹಿಡಿಯುವ ಋಜುಸೂತ್ರನಯದಿಂದ ಕಂಡರೆ, ಇಂದು ಮಧ್ಯಾಹ್ನ ತಟ್ಟೆ ಹಿಡಿದು ಕುಳಿತ ಮಗುವಿನ ಹಸಿವು ಯಾವ ಚರ್ಚೆಗೂ ಕಾಯುವುದಿಲ್ಲ. ನಯಗಳ ಹೆಸರು ಬಾಯಿಪಾಠವಾಗಿದ್ದ ಮಕ್ಕಳಿಗೆ ಅವುಗಳ ಉಪಯೋಗ ತಿಳಿದದ್ದು ಅಂದು.

ಪರ್ಯಾಯಗಳನ್ನು ಅಳೆಯಲು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಮ್ಮ ನಾಲ್ಕು ಅಳತೆಗೋಲುಗಳನ್ನೇ ತೆಗೆದುಕೊಂಡೆವು. ದ್ರವ್ಯದ ಲೆಕ್ಕ ಹೀಗಿತ್ತು: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಹುಡುಗಿಯೊಬ್ಬಳು ಕೂಡಲೇ, "ಅಜ್ಜಾ, ಹಾಗಾದರೆ ಅಹಿಂಸೆ ಪಾಲಿಸುವ ಬಡ ಮಗುವಿಗೆ ದಿನವೂ 5 ಗ್ರಾಂ ನಷ್ಟವಾಯಿತಲ್ಲ!" ಎಂದಳು. ಇಷ್ಟು ವರ್ಷಗಳ ವಾದವಿವಾದಗಳಲ್ಲಿ ನಮ್ಮ ಹಿರಿಯರ ಬಾಯಿಂದ ಈ ಮಾತನ್ನು ನಾನು ಕೇಳಿರಲಿಲ್ಲ.

ಅದೇ 6 ಗ್ರಾಂ ಸುಮಾರು 25 ಗ್ರಾಂ ಶೇಂಗಾದಲ್ಲಿ ಇದೆ, ಅಷ್ಟೇ ತೂಕದ ಹೆಸರುಕಾಳಿನಲ್ಲಿಯೂ ಇದೆ. ಆದರೆ ಬಿ-12 ಜೀವಸತ್ವ ಕಾಳುಗಳಲ್ಲಿ ದೊರೆಯದು, ಹಾಲಿನಲ್ಲಿ ದೊರೆಯುತ್ತದೆ. ಆದ್ದರಿಂದ ಕಾಳಿನ ಜೊತೆಗೆ ಹಾಲು ತಪ್ಪಬಾರದು. ಕಾಲದ ವಿಚಾರದಲ್ಲಿ ಕಾಳುಕಡಿಯ ವ್ಯಾಪಾರಿಯಾದ ನಾನೂ ಒಂದು ಮಾತು ಸೇರಿಸಿದೆ. ಸರಕು ಒಳ್ಳೆಯದಾದರೆ ಸಾಲದು, ದಾಸ್ತಾನೂ ಒಳ್ಳೆಯದಾಗಿರಬೇಕು. ಪರ್ಯಾಯವಾಗಿ ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು 2025ರ ಆರಂಭದಲ್ಲಿ ಶಿಕ್ಷಣ ಇಲಾಖೆಯೇ ನಿಲ್ಲಿಸಿತು. ಅದರಲ್ಲಿನ ಸಕ್ಕರೆ ಮತ್ತು ಕೊಬ್ಬಿನ ಬಗೆಗೂ, ದಾಸ್ತಾನು ಮತ್ತು ಅವಧಿ ಮೀರಿದ ಸರಕಿನ ಬಗೆಗೂ ಆಕ್ಷೇಪಗಳಿದ್ದವು. ಕ್ಷೇತ್ರಕ್ಕೆ ತಕ್ಕಂತೆ ಸ್ಥಳೀಯ ಕಾಳನ್ನು ಅಡುಗೆಯವರೇ ಅಂದಂದು ಬೇಯಿಸಿ ಉಸಲಿ ಮಾಡಿದರೆ ಈ ದೋಷ ಕಡಿಮೆಯಾಗುತ್ತದೆಂದು ಮಕ್ಕಳು ಬರೆದರು. ಭಾವದ ಕೆಳಗೆ ಅವರು ಬರೆದದ್ದು ಎರಡೇ ಸಾಲು: ತಿನ್ನದವನನ್ನು ಒತ್ತಾಯಿಸಬಾರದು, ತಿನ್ನುವವನನ್ನು ಕೀಳಾಗಿ ಕಾಣಬಾರದು.

ಈ ಪಾಠದ ಸುದ್ದಿ ತಿಳಿದ ಹಿರಿಯ ಶ್ರಾವಕರೊಬ್ಬರು ನೊಂದು, "ಧರ್ಮ ಕಲಿಯಲು ಬಂದ ಮಕ್ಕಳಿಗೆ ಮೊಟ್ಟೆಯ ಗುಣಗಾನ ಮಾಡುತ್ತೀರಾ?" ಎಂದು ಕೇಳಿದರು. ಅವರ ಕಳವಳವನ್ನು ನಾನು ಗೌರವಿಸುತ್ತೇನೆ. ಅಹಿಂಸೆ ನಮಗೆ ಚರ್ಚೆಯ ವಿಷಯವಲ್ಲ. ಅದನ್ನು ಎಲ್ಲರೂ ಸೇರಿ ಬಾಳುವ ನಾಡಿನಲ್ಲಿ ಹೇಗೆ ಪಾಲಿಸುವುದು ಎಂಬುದೇ ಚರ್ಚೆಯ ವಿಷಯ. ಆ ಇಪ್ಪತ್ತು ಮಕ್ಕಳಲ್ಲಿ ಒಬ್ಬರೂ ತಮ್ಮ ವ್ರತವನ್ನು ಸಡಿಲಿಸಲಿಲ್ಲ. ಆದರೆ "ಮೊಟ್ಟೆ ನಿಲ್ಲಿಸಿ" ಎಂಬ ಬೇಡಿಕೆಯಿಂದ ಹೊರಟವರು "ತಿನ್ನದವರಿಗೆ ಸಮನಾದ ಸಸ್ಯಾಹಾರ ಕೊಡಿ" ಎಂಬ ಬೇಡಿಕೆಗೆ ಬಂದು ನಿಂತರು. ಮೊದಲನೆಯದು ಪರರ ತಟ್ಟೆಯಿಂದ ತೆಗೆಯುವ ಮಾತು, ಎರಡನೆಯದು ತಟ್ಟೆಗೆ ಹಾಕುವ ಮಾತು. ಪ್ರಮಾದವೇ ಹಿಂಸೆಯ ಮೂಲವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಬೇಡವೆಂದು ಹೇಳಿ ಬದಲಿಗೆ ಏನೂ ಕೊಡದೆ ಎದ್ದುಹೋಗುವುದು ಪ್ರಮಾದವಲ್ಲದೆ ಮತ್ತೇನು?

ನಿರ್ಧಾರದ ಬಳಿಕ ಖರ್ಚಿನ ಪ್ರಶ್ನೆ ಬಂತು. ನಮ್ಮ ಊರಿನ ಸರಕಾರಿ ಶಾಲೆಯಲ್ಲಿ ಬಾಳೆಹಣ್ಣು ಆರಿಸುವ ಮಕ್ಕಳು ಎಷ್ಟು, ಒಬ್ಬರಿಗೆ 25 ಗ್ರಾಂ ಕಾಳೆಂದರೆ ತಿಂಗಳಿಗೆ ಎಷ್ಟು ಕಿಲೋ, ಮಾರುಕಟ್ಟೆಯ ಧಾರಣೆಯೇನು ಎಂದು ಮಕ್ಕಳು ತಾವೇ ವಿಚಾರಿಸಿ ಪಟ್ಟಿ ಮಾಡಿ, ಬಸದಿಯ ವಿಶ್ವಸ್ತ ಮಂಡಳಿಯ ಮುಂದಿಟ್ಟಿದ್ದಾರೆ. ಮಂಡಳಿಯ ಉತ್ತರ ಇನ್ನೂ ಬರಬೇಕಾಗಿದೆ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆಹಾರ ಮತ್ತು ಶಾಸ್ತ್ರಗಳೆರಡೂ ಒಂದೇ ಸೂರಿನಡಿ ಸಲ್ಲುವ ಸ್ಥಳ ಶಾಲೆ. ಪ್ರತಿಯೊಂದು ಬಸದಿಯ ಪಾಠಶಾಲೆಯೂ ಮೂರು ತಿಂಗಳಿಗೊಮ್ಮೆ ತನ್ನ ಊರಿನ ಒಂದು ಪ್ರಶ್ನೆಯನ್ನು, ಕುಡಿಯುವ ನೀರನ್ನೋ ಕಸದ ವಿಲೇವಾರಿಯನ್ನೋ ಬೀದಿನಾಯಿಗಳ ಪಾಲನೆಯನ್ನೋ, ಮಕ್ಕಳ ಕೈಯಲ್ಲಿಡಲಿ. ಅವರು ತಂದ ಉತ್ತರವನ್ನು ವಿಶ್ವಸ್ತ ಮಂಡಳಿಗಳು ತಮ್ಮ ಸಭೆಯಲ್ಲಿ ಓದಲಿ. ಒಪ್ಪದಿದ್ದರೆ ಕಾರಣವನ್ನು ಮಕ್ಕಳಿಗೆ ತಿಳಿಸಲಿ. ಕಾರಣ ಕೇಳಿ ಬೆಳೆದ ಮಕ್ಕಳು ನಾಳೆ ಅದೇ ಮಂಡಳಿಗಳಲ್ಲಿ ಕುಳಿತಾಗ ಕಾರಣ ಕೊಟ್ಟು ನಡೆಯುವರೆಂದು ನನ್ನ ನಂಬಿಕೆ.