ಬಾನೆಟ್ ಜೀರ್ಣೋದ್ಧಾರ

ಕಾರಿಗೆ ಬಾನೆಟ್ ಎನ್ನುವುದೊಂದು ಇದೆ ಎಂಬುದು ನಮ್ಮಂಥವರ ಗಮನಕ್ಕೆ ಬರುವುದು ಅದಕ್ಕೆ ಏನಾದರೂ ಆದಾಗಲೇ. ಅಲ್ಲಿಯತನಕ ಅದು ಗಾಜಿನಾಚೆ, ರಸ್ತೆಗಿಂತ ಈಚೆ ಇರುವ ಒಂದಿಷ್ಟು ತಗಡು. ಸರ್ವಿಸ್‌ಗೆ ಬಿಟ್ಟಾಗ ಯಾರೋ ಎತ್ತುತ್ತಾರೆ, ಯಾರೋ ಧಡ್ ಎಂದು ಮುಚ್ಚುತ್ತಾರೆ. ಮದುವೆಗೆ ಕೊಟ್ಟರೆ ಅದರ ಮೇಲೊಂದು ಹೂವಿನ ಅಲಂಕಾರ. ಆಯುಧಪೂಜೆಯ ದಿನ ಮಾತ್ರ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರದ ಮರ್ಯಾದೆ. ಎದುರಿಗೆ ಒಂದು ತೆಂಗಿನಕಾಯಿ ಒಡೆದರೆ ಮುಗಿಯಿತು. ನನ್ನ ಕಾರಿನ ವಿಷಯದಲ್ಲಿ ಹಬ್ಬ ಇನ್ನೂ ದೂರವಿರುವಾಗಲೇ ತೆಂಗಿನಕಾಯಿ ತಾನಾಗಿ ಬಂದು ಆ ಶಾಸ್ತ್ರ ಮುಗಿಸಿತು.

ತೆಂಗಿನ ಮರ ಇಲ್ಲದ ಕಡೆ ನೋಡಿ ಗಾಡಿ ನಿಲ್ಲಿಸಬೇಕಪ್ಪ ಎಂದು ಆಮೇಲೆ ಬುದ್ಧಿ ಹೇಳಿದವರೆಲ್ಲ ಬೆಂಗಳೂರಿನವರು. ಅರಸೀಕೆರೆ ಸೀಮೆಯಲ್ಲಿ ಹಿತ್ತಲಿಗೂ ತೆಂಗು, ಬದುವಿಗೂ ತೆಂಗು, ದೇವಸ್ಥಾನದ ಹಿಂದೆಯೂ ತೆಂಗು. ಇಳಿಸಿದ ಕಾಯನ್ನು ಅಟ್ಟಕ್ಕೆ ಹಾಕಿದರೆ ಹನ್ನೊಂದು, ಹನ್ನೆರಡು ತಿಂಗಳು ಅಲ್ಲೇ ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅರಸೀಕೆರೆ, ತಿಪಟೂರುಗಳ ಮಾರುಕಟ್ಟೆ ನಡೆಯುವುದೇ ಆ ಉಂಡೆಯ ಮೇಲೆ. ವರ್ಷಗಟ್ಟಲೆ ಕಾಯಬಲ್ಲ ಈ ಪದಾರ್ಥಕ್ಕೆ ಜಾವಗಲ್ ಹತ್ತಿರದ ನನ್ನ ಭಾವಮೈದನ ತೋಟದಲ್ಲಿ ಅದೇಕೋ ಅವಸರ ಬಂತು. ಅರವತ್ತು ಅಡಿ ಮರದಿಂದ ಕಳಚಿದ ಕಾಯಿ ಕೆಳಗೆ ಮುಟ್ಟುವಾಗ ಗಂಟೆಗೆ 65 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಆ ಊರಿನ ಹೆಸರು ಹೊತ್ತ ಶ್ರೀನಾಥರ ಎಸೆತದ ಅರ್ಧ ವೇಗವೂ ಅಲ್ಲ ಅನ್ನಿ. ಆದರೆ ಕ್ರಿಕೆಟ್ ಚೆಂಡು 160 ಗ್ರಾಂ, ಸಿಪ್ಪೆ ಸಮೇತದ ಕಾಯಿ ಕಿಲೋಗೂ ಮೇಲೆ. ಸದ್ದು ಕೇಳಿ ಎಲ್ಲರೂ ಹೊರಗೆ ಓಡಿಬಂದೆವು. ಭಾವಮೈದ ಕಾಯನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಸಮಾಧಾನದಿಂದ ಹೇಳಿದ: “ಕಾಯಿಗೇನೂ ಆಗಿಲ್ಲ ಭಾವ.”

ಅರಸೀಕೆರೆಯ ಟಿಂಕರಿಂಗ್ ಅಂಗಡಿಯವರು ಬಾನೆಟ್ಟಿನ ಮೇಲ್ಭಾಗವನ್ನು ಹೆಚ್ಚು ನೋಡಲೇ ಇಲ್ಲ. ಎತ್ತಿ, ಒಳಗೆ ತಲೆ ಹಾಕಿ, ಬೆರಳಾಡಿಸಿದರು. ಬಾನೆಟ್ ಎಂದರೆ ಒಂದು ತಗಡಲ್ಲ, ಎರಡು. ಹೊರಗಿನದು ಚಂದಕ್ಕೆ, ಒಳಗಿನದು ಬಿಗಿಗೆ. ಎರಡನ್ನೂ ಅಂಚಿನಲ್ಲಿ ಮಡಿಚಿ ಕೂಡಿಸಿರುತ್ತಾರೆ. “ಮೇಲಿಂದು ಬಡಿದು ಎತ್ಕೊಡ್ತೀನಿ ಸಾರ್, ಪುಟ್ಟಿ ತುಂಬಿ ಬಣ್ಣ ಹೊಡೆದ್ರೆ ದೇವರಿಗೂ ಗೊತ್ತಾಗಲ್ಲ. ಆದ್ರೆ ಒಳಗಿನ ಫ್ರೇಮ್ ಲಾಕ್ ಹತ್ರ ತಿರುಚ್ಕೊಂಡಿದೆ. ಹೈವೇಲಿ ಹಾರ್ಕೊಂಡು ಗಾಜಿಗೆ ಬಂದ್ರೆ ನನ್ನನ್ನ ಬೈಬೇಡಿ.” ಇಷ್ಟು ತೆಳು ಯಾಕೆ ಮಾಡುತ್ತಾರೋ ಎಂದು ನಾನು ಗೊಣಗಿದೆ. ತೆಳುವಾಗಿರಬೇಕಾದದ್ದೇ ಎಂದು ಆಮೇಲೆ ತಿಳಿಯಿತು. ರಸ್ತೆ ದಾಟುವವನೊಬ್ಬ ಕಾರಿಗೆ ಸಿಕ್ಕರೆ ಅವನ ತಲೆ ಬಂದು ಬಡಿಯುವುದು ಅಲ್ಲಿಗೇ. ಆಗ ತಗ್ಗಬೇಕಾದದ್ದು ಬಾನೆಟ್, ತಲೆಯಲ್ಲ. ಅದಕ್ಕೇ ಅದರ ಕೆಳಗೆ ಎಂಜಿನ್‌ಗೂ ಅದಕ್ಕೂ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ನನ್ನ ಬಾನೆಟ್ ತಾನು ಕಲಿತ ವಿದ್ಯೆಯನ್ನು ತೆಂಗಿನಕಾಯಿಯ ಮೇಲೆ ಪ್ರಯೋಗಿಸಿತ್ತು.

ಹಾಗಾಗಿ ಹಾಸನದ ಶೋರೂಮಿಗೆ ಹೋದದ್ದಾಯಿತು. ಸರ್ವಿಸ್ ಅಡ್ವೈಸರ್ ಎಂಬ ಹುಡುಗ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ:

“ಎದುರು ಗಾಡಿ ನಂಬರ್ ಇದೆಯಾ ಸಾರ್?”

“ತೆಂಗಿನ ಮರ.”

“ನಿಂತಿತ್ತಾ, ಓಡ್ತಿತ್ತಾ?”

“ಯಾವುದು?”

“ಗಾಡಿ ಸಾರ್.”

ವಿಮೆಯ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಭೂಕಂಪ, ದೊಂಬಿ, ಭೂಕುಸಿತ ಎಲ್ಲಕ್ಕೂ ಹೆಸರಿದೆ, ತೆಂಗಿನಕಾಯಿಗಿಲ್ಲ. ಆದರೆ ಹೊರಗಿನಿಂದ ಆಕಸ್ಮಿಕವಾಗಿ ಆದ ಹಾನಿ ಎಂಬ ವಿಶಾಲ ಹೃದಯದ ಒಂದು ಸಾಲಿದೆ; ಕಾಯಿ ಅದರೊಳಗೆ ಉರುಳಿತು. ಸರ್ವೇಯರ್ ಬಂದು ನಾಲ್ಕು ಕಡೆಯಿಂದ ಫೋಟೊ ಹೊಡೆದುಕೊಂಡರು. ನಂತರ ಲೆಕ್ಕದ ಮಾತು. ನನ್ನದು ಜೀರೋ ಡೆಪ್ ಪಾಲಿಸಿಯಲ್ಲ. ಮೂರು ವರ್ಷ ದಾಟಿ ನಾಲ್ಕರೊಳಗಿರುವ ಗಾಡಿಯ ಲೋಹದ ಭಾಗಕ್ಕೆ ಶೇ. 25 ಸವಕಳಿ ಕಳೆಯುತ್ತಾರೆ, ಬಣ್ಣದ ಸಾಮಗ್ರಿಗೆ ಶೇ. 50, ಮೇಲೆ 1500 ಸಿ.ಸಿ.ವರೆಗಿನ ಗಾಡಿಯಾದರೆ ಸಾವಿರ ರೂಪಾಯಿ ಮಾಲೀಕನೇ ಕೊಡಬೇಕು. ಇದೆಲ್ಲದರ ಜೊತೆಗೆ, ಮೂರು ವರ್ಷ ಯಾವ ಕ್ಲೇಮೂ ಮಾಡದೆ ಕೂಡಿಸಿಕೊಂಡಿದ್ದ ಶೇ. 35ರ ನೋ ಕ್ಲೇಮ್ ಬೋನಸ್ ಒಂದೇ ಏಟಿಗೆ ಸೊನ್ನೆ. ಕಾಯಿ ಬಿದ್ದದ್ದು ಬಾನೆಟ್ಟಿನ ಮೇಲೆ, ತಗ್ಗಾದದ್ದು ಬೇರೆ ಬೇರೆ ಕಡೆ.

ಬಾನೆಟ್ ಬರಲು, ಬಣ್ಣವಾಗಲು ದಿನ ಹಿಡಿಯುತ್ತದೆ ಎಂದರು. ಕಾರಿಲ್ಲದೆ ಹಾಸನದಿಂದ ಅರಸೀಕೆರೆಗೆ ನೆಟ್ಟಗೆ ಹೋದರೆ ನಲವತ್ತು ಚಿಲ್ಲರೆ ಕಿಲೋಮೀಟರ್. ನಾನು ಬೇಲೂರಿನ ಬಸ್ಸು ಹತ್ತಿ, ಅಲ್ಲಿಂದ ಹಳೇಬೀಡು, ಜಾವಗಲ್, ಬಾಣಾವರ ಎಂದು ಸುತ್ತಿಕೊಂಡು ಮನೆ ಸೇರುವ ದಾರಿ ಹಿಡಿದೆ. ಹಾಸನ ಜಿಲ್ಲೆಯವರು ಬೇಲೂರು, ಹಳೇಬೀಡು ನೋಡುವುದು ನೆಂಟರಿಗೆ ತೋರಿಸುವ ನೆಪದಲ್ಲಿ ಮಾತ್ರ. ಒಬ್ಬನೇ, ಕೈಬೀಸಿಕೊಂಡು ಹೋದದ್ದು ನನಗೆ ನೆನಪಿಲ್ಲ. ಅಂದು ನನ್ನ ಕಣ್ಣು ಬೇರೆ ಪಳಗಿತ್ತು. ಬೆಳಗಿನಿಂದ ಸರ್ವೇಯರ್ ಜೊತೆ ನಿಂತು ಯಾವುದು ಹಳೆಯ ಗೀರು, ಯಾವುದು ಹೊಸ ಪೆಟ್ಟು ಎಂದು ನೋಡಿದವನಿಗೆ ಮದನಿಕೆಯರಿಗಿಂತ ಮೊದಲು ಕಂಡದ್ದು ರಿಪೇರಿ.

ಬೇಲೂರಿನಲ್ಲಿ ಅದು ಬಾಗಿಲಿನಲ್ಲೇ ಶುರುವಾಗುತ್ತದೆ. ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, ಪ್ರತಿಷ್ಠೆಯಾದದ್ದು 1117ರಲ್ಲಿ. ಎದುರಿಗೆ ಎದ್ದು ನಿಂತಿರುವ ಗೋಪುರ ಮಾತ್ರ ಹೊಯ್ಸಳರದ್ದೇ ಅಲ್ಲ. ದಾಳಿಯಲ್ಲಿ ಸುಟ್ಟುಹೋಗಿದ್ದ ಮಹಾದ್ವಾರವನ್ನು 1397ರಲ್ಲಿ ವಿಜಯನಗರದ ಇಮ್ಮಡಿ ಹರಿಹರನ ದಂಡನಾಥ ಗುಂಡ ಮತ್ತೆ ಕಟ್ಟಿಸಿದ. ಒಳಗಿನ ಗುಡಿಗೆ ಹೊಂದುವಂತೆ ಬಳಪದ ಕಲ್ಲು ತರಿಸಿ, ಹೊಯ್ಸಳರ ಕೈವಾಡದ ಹಾಗೇ ಕಾಣುವಂತೆ ಮಾಡಿಸುವ ಗೊಡವೆಗೆ ಅವನು ಹೋಗಲಿಲ್ಲ. ತನ್ನ ಕಾಲದವರು ಹೇಗೆ ಕಟ್ಟುತ್ತಿದ್ದರೋ ಹಾಗೆ, ಎತ್ತರವಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟಿಸಿದ. ನಾವೀಗ ಬೇಲೂರಿನ ಫೋಟೊ ಎಂದರೆ ಆ ರಿಪೇರಿಯನ್ನೂ ಸೇರಿಸಿಯೇ ತೆಗೆಯುತ್ತೇವೆ. ನವರಂಗದ ಸುತ್ತ ಇರುವ ಕಲ್ಲಿನ ಜಾಲಂಧ್ರಗಳೂ ಮೊದಲು ಇದ್ದವಲ್ಲ. ತೆರೆದೇ ಇದ್ದ ನವರಂಗವನ್ನು ಇಮ್ಮಡಿ ಬಲ್ಲಾಳನ ಕಾಲದಲ್ಲಿ ಮುಚ್ಚಿದ್ದು. ಗರ್ಭಗುಡಿಯ ಮೇಲೆ ಶಿಖರ ಈಗಿಲ್ಲ. ಕೆಳಗಿನ ಕಟ್ಟಡ ಉಳಿಯಲೆಂದು 1879ರಲ್ಲಿ ಬಿಚ್ಚಿದರು. ಸೇರಿಸಿದ್ದು, ಬಿಚ್ಚಿದ್ದು, ಬದಲಾಯಿಸಿದ್ದು ಯಾವುದನ್ನೂ ಆ ಗುಡಿ ಮುಚ್ಚಿಟ್ಟಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಇದು ಒರಿಜಿನಲ್ ಪೀಸ್ ಅಲ್ಲ ಎಂದು ಯಾರೂ ಬೆಲೆ ಇಳಿಸಲಿಲ್ಲ.

ಹಳೇಬೀಡಿನಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಆನೆಗಳ ಸಾಲು. ಒಂದರ ಹಿಂದೊಂದು, ಒಂದು ಸೊಂಡಿಲು ಎತ್ತಿದ್ದರೆ ಇನ್ನೊಂದು ಇಳಿಸಿದ್ದು, ಮಾವುತನ ಕಾಲು ಕೂಡ ಕಾಣುವಂಥ ಕೆಲಸ. ಹಾಗೇ ನಡೆಯುತ್ತ ಹೋದರೆ ಥಟ್ಟನೆ ಬೋಳುಕಲ್ಲು. ಕೆಲವು ಕೆತ್ತದೆ ಬಿಟ್ಟವು, ಕೆಲವು ಆಮೇಲೆ ಕೂಡಿಸಿದವು. ಮುಕ್ಕಾದ ಜಾಗದಲ್ಲಿ ಇನ್ನೊಂದು ಆನೆ ಕೆತ್ತಿ ಕೂರಿಸಬಲ್ಲ ಶಿಲ್ಪಿಗಳು ಇವತ್ತೂ ನಮ್ಮಲ್ಲಿದ್ದಾರೆ. ಆದರೆ ಪುರಾತತ್ವದವರು ಕೂರಿಸುವುದಿಲ್ಲ. 1923ರಲ್ಲಿ ಜಾನ್ ಮಾರ್ಷಲ್ ಆ ಇಲಾಖೆಗೆ ಬರೆದುಕೊಟ್ಟ ಕೈಪಿಡಿಯ ಧೋರಣೆಯೇ ಅದು: ಇರುವುದನ್ನು ಉಳಿಸಿ, ಹೋದದ್ದನ್ನು ಹೊಸದಾಗಿ ಹುಟ್ಟಿಸಬೇಡಿ. ಆ ಬೋಳುಕಲ್ಲಿನ ಮುಂದೆ ನಿಂತಾಗ, ಹಾಸನದಲ್ಲಿ ನಾನು ದುಡ್ಡು ಕೊಟ್ಟು ಮಾಡಿಸುತ್ತಿರುವುದು ಇದಕ್ಕೆ ತೀರಾ ಉಲ್ಟಾ ಎನ್ನಿಸಿತು. ಅಲ್ಲಿ ಬಿಲ್ಲಿನ ಅರ್ಧ ಭಾಗ ಇರುವುದೇ ರಿಪೇರಿಯಾಗಿದೆ ಎಂದು ಗೊತ್ತಾಗದಿರಲು.

ಹಾಗೆ ಗೊತ್ತಾಗದಂತೆ ಮಾಡುವುದು ಎಷ್ಟು ಕಷ್ಟ ಎನ್ನುವುದು ಮುಂದಿನ ಸಲ ಹೋದಾಗ ಕಂಡಿತು. ಹೊಸ ಬಾನೆಟ್ ಬರುವುದು ಕಪ್ಪಗೆ, ತುಕ್ಕು ಹಿಡಿಯದ ಒಂದು ಪದರ ಬಳಿದುಕೊಂಡು. ಅದರ ಬಣ್ಣ ಇಲ್ಲೇ ಆಗಬೇಕು. ನನ್ನದು ಬೆಳ್ಳಿ ಬಣ್ಣ. ಪೇಂಟರುಗಳಿಗೆ ಇದರಷ್ಟು ಕಾಟ ಕೊಡುವ ಬಣ್ಣ ಇನ್ನೊಂದಿಲ್ಲವಂತೆ. ಬಣ್ಣದೊಳಗಿನ ಲೋಹದ ಚೂರುಗಳು ಹೇಗೆ ಮಲಗುತ್ತವೋ ಹಾಗೆ ಹೊಳಪು. ಎದುರಿಗೆ ನಿಂತರೆ ಒಂದು ಛಾಯೆ, ಪಕ್ಕಕ್ಕೆ ಸರಿದರೆ ಇನ್ನೊಂದು. ಬಾಗಿಲ ಹತ್ತಿರದ ಪ್ಲೇಟಿನಲ್ಲಿ ಬಣ್ಣದ ಕೋಡ್ ಇದೆ, ಕೋಡ್ ಹೇಳಿದಷ್ಟು ಗ್ರಾಂ ತೂಗಿ ಬೆರೆಸುವ ತಕ್ಕಡಿಯಿದೆ. ಆದರೆ ಕೋಡ್ ಹೇಳುವುದು ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣ. ನನ್ನ ಫೆಂಡರ್ ಅಷ್ಟು ವರ್ಷ ಅರಸೀಕೆರೆಯ ಬಿಸಿಲು ಕುಡಿದಿದೆ. ಕಾರ್ಖಾನೆಯಲ್ಲಿ ವೈರು, ಪ್ಲಾಸ್ಟಿಕ್ ಇನ್ನೂ ಕೂಡಿಸದ ಬರೀ ತಗಡಿನ ಒಡಲನ್ನು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಇಲ್ಲಿ 60 ಡಿಗ್ರಿ ಆಸುಪಾಸಿಗೇ ನಿಲ್ಲಿಸಬೇಕು.

ಬೂತಿನ ಹೊರಗೆ ಐವತ್ತು ದಾಟಿದ ಪೇಂಟರೊಬ್ಬರು ಅಂಗೈಯಗಲದ ಒಂದು ಕಾರ್ಡಿಗೆ ಬಣ್ಣ ಹಾಯಿಸಿ, ಅದನ್ನು ಹಿಡಿದುಕೊಂಡು ಬಿಸಿಲಿಗೆ ಬಂದರು. ಫೆಂಡರಿಗೆ ಒತ್ತಿ ಹಿಡಿದು ನೋಡಿದರು. ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಎಡಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದರು. “ಹಳದಿ ಕಮ್ಮಿ” ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋದರು. ಮತ್ತೊಂದು ಕಾರ್ಡ್, ಮತ್ತೆ ಬಿಸಿಲು. ನನ್ನ ಕಣ್ಣಿಗೆ ಎರಡೂ ಒಂದೇ. “ನಿಮಗೆ ಇವತ್ತು ಕಾಣಲ್ಲ ಸಾರ್. ಮೋಡ ಇರೋ ದಿನ ಕಾಣ್ಸುತ್ತೆ, ಆಗ ನನ್ನ ಬೈಕೊತೀರ” ಎಂದರು. ಬಾನೆಟ್ಟಿಗೆ ಹೊಡೆದ ಬಣ್ಣವನ್ನು ಎರಡೂ ಪಕ್ಕದ ಫೆಂಡರುಗಳ ಮೇಲಕ್ಕೂ ಸ್ವಲ್ಪ ಹಾಯಿಸಿ, ಎಲ್ಲಿ ಹಳತು ಮುಗಿಯಿತು, ಎಲ್ಲಿ ಹೊಸತು ಶುರುವಾಯಿತು ಎಂದು ತಿಳಿಯದಂತೆ ಕರಗಿಸಿಬಿಟ್ಟರು. ಕಾರು ಕೊಡುವಾಗ ಜಾಬ್ ಕಾರ್ಡಿನಲ್ಲಿ ಅಡ್ವೈಸರ್ ಹೆಸರಿತ್ತು, ಬಾನೆಟ್ಟಿನ ಪಾರ್ಟ್ ನಂಬರ್ ಇತ್ತು, ಬಣ್ಣದ ಕೋಡ್ ಇತ್ತು. ಆ ಮನುಷ್ಯರ ಹೆಸರಿರಲಿಲ್ಲ.

ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬಿರುದುಗಳ ಸಮೇತ ತಮ್ಮ ಹೆಸರು ಕೊರೆದಿದ್ದಾರೆ. ಒಂಬೈನೂರು ವರ್ಷದ ಮೇಲೂ ಯಾರ ಕೆಲಸ ಎಂದು ಕೇಳಿದರೆ ಉತ್ತರವಿದೆ. ಕಾಣಬೇಕಾದ ಕೆಲಸ ಮಾಡಿದವನಿಗೆ ಹೆಸರು ಹಾಕಲು ಜಾಗ ಸಿಗುತ್ತದೆ. ಕಾಣಬಾರದ ಕೆಲಸ ಮಾಡಿದವನು ಎಲ್ಲಿ ಹಾಕಬೇಕು? ಅವನ ಕೈಚಳಕ ಎಷ್ಟು ಹೆಚ್ಚೋ ಅಷ್ಟು ಪೂರ್ತಿಯಾಗಿ ಅವನು ಅಳಿಸಿಹೋಗಬೇಕು. ಅವರ ಕೆಲಸ ಕೆಟ್ಟಿದ್ದರೆ ನನಗೆ ಅವರ ಹೆಸರು ಖಂಡಿತ ಗೊತ್ತಿರುತ್ತಿತ್ತು. ಕೇಳಿ, ಬರೆದುಕೊಂಡು, ಮ್ಯಾನೇಜರ್ ಹತ್ತಿರ ಹೋಗುತ್ತಿದ್ದೆ.

ಇಷ್ಟೆಲ್ಲ ಮಾಡಿಯೂ ಗುಟ್ಟು ಒಂದು ವಾರವೂ ನಿಲ್ಲಲಿಲ್ಲ. ಅರಸೀಕೆರೆಯಲ್ಲಿ ಹಳೇ ಕಾರು ಕೊಡಿಸುವ ಪರಿಚಯದವರೊಬ್ಬರು ಟೀ ಅಂಗಡಿಯ ಮುಂದೆ ಸಿಕ್ಕರು. ಮಾತಾಡುತ್ತಲೇ ಬಾನೆಟ್ ಎತ್ತಿಸಿ, ಬಣ್ಣವನ್ನು ನೋಡದೆ ನೇರವಾಗಿ ಹಿಂಜಿನ ಬೋಲ್ಟು ನೋಡಿದರು. “ಸ್ಪ್ಯಾನರ್ ಬಿದ್ದಿದೆ. ಬಾನೆಟ್ ಚೇಂಜಾ ಸಾರ್?” ಕಾರ್ಖಾನೆಯ ಬೋಲ್ಟಿನ ಮೇಲಿನ ಬಣ್ಣ ಒಡೆದಿರುವುದಿಲ್ಲವಂತೆ. ಜೇಬಿನಿಂದ ಬಣ್ಣದ ದಪ್ಪ ಅಳೆಯುವ ಮೀಟರ್ ತೆಗೆದು ಅಲ್ಲಲ್ಲಿ ಇಟ್ಟರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೀಟರ್ ಬಾಗಿಲ ಮೇಲೆ ಒಂದು ಮಾತಾಡಿತು, ಬಾನೆಟ್ಟಿನ ಮೇಲೆ ಇನ್ನೊಂದು. ನನಗೆ ಡಂಕಣನ ನೆನಪಾಯಿತು. ಜಕಣಾಚಾರಿ ಕಡೆದ ವಿಗ್ರಹಕ್ಕೆಲ್ಲ ಗಂಧ ಬಳಿದು, ಹೊಕ್ಕುಳ ಹತ್ತಿರ ಮಾತ್ರ ಒಣಗದ್ದನ್ನು ತೋರಿಸಿ, ಒಳಗೆ ಕಪ್ಪೆಯಿದೆ ಎಂದನಲ್ಲ, ಆ ಹುಡುಗ. ಜಕಣಾಚಾರಿಯ ಹೆಸರು ಬೇಲೂರಿನ ಯಾವ ಕಲ್ಲಿನ ಮೇಲೂ ಇಲ್ಲ, ಕತೆಯಲ್ಲಿ ಮಾತ್ರ ಇದೆ. ಆದರೂ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತವರು ವಿಗ್ರಹಕ್ಕಿಂತ ಮೊದಲು ಹೊಕ್ಕುಳನ್ನೇ ಹುಡುಕುತ್ತಾರೆ. ದೋಷ ಹುಡುಕುವವನ ಮೇಲೆ ನಮ್ಮ ಜನಕ್ಕೆ ಅಷ್ಟು ಪ್ರೀತಿ. ನನ್ನ ಡಂಕಣ ಮೀಟರ್ ಜೇಬಿಗಿಟ್ಟು, “ಕೆಲಸ ಚೆನ್ನಾಗಿದೆ, ಆದ್ರೂ ಪಾರ್ಟಿ ಒಪ್ಪಲ್ಲ ಸಾರ್” ಎಂದು ಟೀ ಕುಡಿದು ಹೋದರು.

ಅವತ್ತೇ ಒಂದು ತೀರ್ಮಾನಕ್ಕೆ ಬಂದೆ. ಬಾನೆಟ್ಟಿನ ಬಿಲ್ಲು, ಜಾಬ್ ಕಾರ್ಡ್ ಎರಡನ್ನೂ ಆರ್.ಸಿ., ಇನ್ಶೂರೆನ್ಸ್ ಜೊತೆ ಗ್ಲೋವ್ ಬಾಕ್ಸಿನಲ್ಲೇ ಇಟ್ಟಿದ್ದೇನೆ. ಇನ್ನೊಂದು ಸಲ ಹಾಸನಕ್ಕೆ ಹೋದಾಗ ಆ ಪೇಂಟರ ಹೆಸರು ಕೇಳಿ ಬಿಲ್ಲಿನ ಹಿಂದೆ ಬರೆದಿಡಬೇಕು. ಕಾರು ಮಾರುವ ಕಾಲ ಬಂದರೆ, ಬೋಲ್ಟು ನೋಡುವ ಶ್ರಮವನ್ನೂ ಕೊಡದೆ ಮೊದಲು ಇದನ್ನೇ ಕೈಗಿಡುವುದು. ಒಂದಿಷ್ಟು ಕಡಿಮೆಗೆ ಹೋದರೆ ಹೋಗಲಿ, ಗುಂಡ ದಂಡನಾಥ ಗೋಪುರ ಕಟ್ಟಿಸಿದ ಹಾಗೆ ರಾಜಾರೋಷವಾಗಿ ಇರಬೇಕು ಎಂದು ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಕೊಬ್ಬರಿ ಸೀಮೆಯವಳು, ರೇಟಿನ ಏರಿಳಿತ ನೋಡುತ್ತ ಬೆಳೆದವಳು. ತುರಿಯುತ್ತಿದ್ದ ಕಾಯಿಯಿಂದ ತಲೆ ಎತ್ತದೆ ಕೇಳಿದಳು: “ಗುಂಡ ದಂಡನಾಥನಿಗೆ ಗೋಪುರ ಮಾರೋದಿತ್ತೇನ್ರೀ?”