ಅಲಿಬಾಗಿನ ಅವಲಕ್ಕಿ ತಟ್ಟೆ

ಮುಂಬಯಿಗೆ ಹೋದವರು ಗೇಟ್‌ವೇ ಆಫ್ ಇಂಡಿಯಾ ನೋಡದೆ ಬರುವುದಿಲ್ಲ. ಅಲ್ಲಿಂದಲೇ ಲಾಂಚು ಹತ್ತಿ ಮಾಂಡ್ವಾದಲ್ಲಿ ಇಳಿದರೆ, ಮುಂದೆ ರಸ್ತೆ ದಾರಿಯಲ್ಲಿ ಅಲಿಬಾಗ್ ಸೇರಬಹುದು. ತೆಂಗಿನ ತೋಟ, ಮೀನಿನ ವಾಸನೆ, ಬೆವರಿಳಿಸುವ ಸೆಕೆ! ನಮ್ಮ ಕರಾವಳಿಯ ಒಡಹುಟ್ಟು ಎನ್ನಬೇಕು, ಅಂಥ ಊರು. ಸಮುದ್ರದೊಳಗಿನ ಕೊಲಾಬಾ ಕೋಟೆ ನೋಡಿ ಹೆಚ್ಚಿನವರು ಹಿಂತಿರುಗುತ್ತಾರೆ. ಆದರೆ ಮಕ್ಕಳೊಂದಿಗರಾದ ನಾವು ನೋಡಬೇಕಾದ್ದು ಊರೊಳಗಿನ ಇಸ್ರೇಲ್ ಆಳಿ, ಅಂದರೆ ಯೆಹೂದಿಗಳ ಓಣಿ. 1848ರಲ್ಲಿ ಸ್ಥಾಪನೆಯಾದ ಅವರ ಪ್ರಾರ್ಥನಾ ಮಂದಿರ ಅಲ್ಲಿದೆ.

ಇವರು ಬೆನೆ ಇಸ್ರೇಲರು. ಮನೆಮಾತು ಮರಾಠಿ. ಬಹಳ ಹಿಂದೆ ಹತ್ತಿರದ ನವಗಾಂವ್ ತೀರದಲ್ಲಿ ಹಡಗು ಒಡೆದು, ಏಳು ಗಂಡಸರು, ಏಳು ಹೆಂಗಸರು ಮಾತ್ರ ಬದುಕಿ ಉಳಿದರೆಂದೂ ಅವರ ಸಂತತಿಯೇ ತಾವೆಂದೂ ಹೇಳಿಕೊಳ್ಳುತ್ತಾರೆ. ಆ ಊರಿನಲ್ಲಿ ಸ್ಮಾರಕವೂ ಇದೆ. ಕಸುಬು ಎಣ್ಣೆ ಗಾಣ. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅದು ಅವರ ಸಬ್ಬತ್, ವಿಶ್ರಾಂತಿಯ ದಿನ. ಅದಕ್ಕೇ ಸುತ್ತಲ ಜನ ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು.

ಶತಮಾನಗಳ ಕಾಲ ಇವರ ಹತ್ತಿರ ಹೀಬ್ರೂ ಗ್ರಂಥವಿಲ್ಲ, ಕಲಿಸುವ ಗುರುವಿಲ್ಲ. ಹಾಗಾದರೆ ಧರ್ಮ ಉಳಿದದ್ದೆಲ್ಲಿ ಗೊತ್ತೇ? ಅಡಿಗೆಮನೆಯಲ್ಲಿ! ದಾವೀದ್ ರಹಬಿ ಎಂಬ ಪಂಡಿತರು ಬಂದಾಗ, ಇವರು ನಿಜವಾಗಿಯೂ ಯೆಹೂದಿಗಳೇ ಎಂದು ಪರೀಕ್ಷಿಸಲು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟು ಅಡಿಗೆ ಮಾಡಲು ಹೇಳಿದರಂತೆ. ರೆಕ್ಕೆಯೂ ಪೊರೆಯೂ ಇರುವ ಮೀನನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಆ ತಾಯಂದಿರು ಬದಿಗಿಟ್ಟರು. ಅದೇ ಯೆಹೂದಿ ಶಾಸ್ತ್ರದ ನಿಯಮ. ಪುಸ್ತಕವಿಲ್ಲದೆ ಅವರಿಗೆ ಯಾರು ಹೇಳಿಕೊಟ್ಟರು? ಮೀನು ತೊಳೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡ ಅಮ್ಮ, ಅಜ್ಜಿ, ಇನ್ಯಾರು?

ಅವರ ಮಲೀದಾ ತಟ್ಟೆಯ ವಿಷಯ ಕೇಳಿದರೆ ನಿಮಗೂ ಖುಷಿಯಾದೀತು. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ ಬೆರೆಸಿ ತಟ್ಟೆಯಲ್ಲಿ ರಾಶಿ ಮಾಡಿ, ಸುತ್ತ ಹಣ್ಣು ಜೋಡಿಸುತ್ತಾರೆ. ಮದುವೆಗೆ, ಹರಕೆಗೆ, ಸಂತೋಷದ ದಿನಕ್ಕೆ ಎಲೀಯ ಪ್ರವಾದಿಯನ್ನು ನೆನೆದು ದೇವರಿಗೆ ಕೃತಜ್ಞತೆ ಹೇಳುವ ಬಗೆ ಇದು. ಮರದ ಹಣ್ಣಿಗೆ ಒಂದು ಪ್ರಾರ್ಥನೆ, ನೆಲದ ಬೆಳೆಗೆ ಇನ್ನೊಂದು, ಪರಿಮಳಕ್ಕೆ ಮತ್ತೊಂದು. ಬಾಳೆಹಣ್ಣು ಯಾವುದಕ್ಕೆ ಸೇರಬೇಕು ಹೇಳಿ? ನೆಲದ ಬೆಳೆಗೆ! ಗೊನೆ ಬಿಟ್ಟ ಮೇಲೆ ಬಾಳೆ ಉಳಿಯೋದಿಲ್ಲ, ಅದು ಮರವಲ್ಲ. ತಟ್ಟೆಗೆ ಹಣ್ಣು ಇಡುವ ಮಗುವಿಗೆ ಇಷ್ಟು ತಿಳಿದರೆ, ತಿನ್ನುವ ವಸ್ತು ಎಲ್ಲಿಂದ ಬಂತು, ಯಾರಿಗೆ ಕೃತಜ್ಞರಾಗಿರಬೇಕು ಎಂಬ ಪಾಠ ಬೇರೆ ಹೇಳಬೇಕೇ?

ಪ್ರಪಂಚದ ಯೆಹೂದಿ ಮನೆಗಳಲ್ಲಿ ಇನ್ನೊಂದು ರೂಢಿಯಿದೆ. ಶುಕ್ರವಾರ ಸಂಜೆ ದೀಪ ಹಚ್ಚುವ ಮುಂಚೆ ಮಕ್ಕಳ ಕೈಯಿಂದ ಒಂದು ಡಬ್ಬಿಗೆ ಕಾಸು ಹಾಕಿಸುತ್ತಾರೆ. ಆ ಹಣ ಬಡವರಿಗೆ. ಅದರ ಹೆಸರು ತ್ಸೆದಾಕಾ. ಅರ್ಥ ದಾನವಲ್ಲ, ನ್ಯಾಯ! ಇಲ್ಲದವರ ಪಾಲು ನಮ್ಮಲ್ಲಿದೆ, ಅದನ್ನು ಅವರಿಗೆ ಮುಟ್ಟಿಸಬೇಕು ಎಂಬ ಭಾವ. ಕಾಸು ಹಾಕುವ ಕೈ ಎರಡು ವರ್ಷದ್ದಾದರೂ ಸರಿಯೇ.

ಅಲಿಬಾಗ್ ಹತ್ತಿರದ ಖಂಡಾಲಾ ಎಂಬ ಹಳ್ಳಿಯಲ್ಲಿ (ಲೋಣಾವಳಾ ಬಳಿಯ ಗಿರಿಧಾಮವಲ್ಲ) ಒಂದು ಬಂಡೆಯಿದೆ. ಅದರ ಮೇಲಿನ ಗುರುತುಗಳು ಎಲೀಯ ಪ್ರವಾದಿಯ ರಥದವು ಎಂದು ನಂಬಿಕೆ. ಜನವರಿ, ಫೆಬ್ರವರಿಯ ಹೊತ್ತಿಗೆ ಬರುವ ಮರಗಳ ಹಬ್ಬಕ್ಕೆ ಕುಟುಂಬಗಳು ಅಲ್ಲಿಗೆ ಬಂದು ಮಲೀದಾ ಮಾಡುತ್ತವೆ.

1948ರಲ್ಲಿ ಇಸ್ರೇಲ್ ದೇಶವಾದ ಮೇಲೆ ಇವರಲ್ಲಿ ಬಹುಪಾಲು ಜನ ಅಲ್ಲಿಗೆ ಹೊರಟುಹೋದರು. ಇಲ್ಲಿ ಉಳಿದವರು ಕೆಲವೇ ಸಾವಿರ. ಮಂದಿರಕ್ಕೆ ಕಾವಲು ಹಾಕಬಹುದು, ಸ್ಮಾರಕಕ್ಕೆ ಬಣ್ಣ ಬಳಿಯಬಹುದು. ಆದರೆ ತಟ್ಟೆ ಜೋಡಿಸಲು ಮಕ್ಕಳೇ ಬೇಕಲ್ಲ! ಹೋದವರು ಇಸ್ರೇಲಿನಲ್ಲೂ ಮಲೀದಾ ಬಿಟ್ಟಿಲ್ಲ ಎಂಬುದೇ ಸಮಾಧಾನ.

ನೀವು ಹೋದರೆ ಅನುಮತಿ ಕೇಳಿ ಮಂದಿರದ ಒಳಗೆ ಹೋಗಿ. ಗಂಡಸರು ತಲೆಗೆ ಟೋಪಿಯನ್ನೋ ಕರವಸ್ತ್ರವನ್ನೋ ಹಾಕಿಕೊಳ್ಳಬೇಕು. ಶನಿವಾರ ಫೋಟೋ ತೆಗೆಯುವುದು ಬೇಡ. ಯಾಕೆ ಅಂತ ಮಕ್ಕಳು ಕೇಳಿದರೆ, ಗಾಣ ನಿಲ್ಲಿಸುತ್ತಿದ್ದವರ ಕಥೆ ಹೇಳಿ.