ಮೂರನೆಯ ಪ್ಲಗ್ಗು

ತಾನು ಕುಳಿತ ಆಸನದ ಕೆಳಗೆ ಏನು ನಡೆಯುತ್ತಿದೆ ಎಂಬುದನ್ನು ಮನುಷ್ಯನು ಅರಿಯುವುದು ಅಪರೂಪ. ಇದನ್ನು ವೇದಾಂತದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. ಮಾರುತಿ ಓಮ್ನಿ ವ್ಯಾನನ್ನು ಇಟ್ಟುಕೊಂಡವರ ಪಾಲಿಗೆ ಇದು ಅಕ್ಷರಶಃ ಸತ್ಯ. 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಿನಿಂದ ರಸ್ತೆಗಿಳಿದು, 1988ರಲ್ಲಿ ‘ಓಮ್ನಿ’ ಎಂದು ಪುನರ್ನಾಮಕರಣಗೊಂಡು, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಆಸ್ಪತ್ರೆಯ ರೋಗಿ ಎಂಬ ಭೇದವಿಲ್ಲದೆ ಎಲ್ಲವನ್ನೂ ಹೊತ್ತ ಆ ಪೆಟ್ಟಿಗೆಯಂಥ ವಾಹನಕ್ಕೆ ಮೂತಿಯೆಂಬುದೇ ಇರಲಿಲ್ಲ. ಮೂತಿಯಿಲ್ಲದ ಮೇಲೆ ಎಂಜಿನ್ನನ್ನು ಎಲ್ಲಿಡುವುದು? ಮುಂದಿನ ಆಸನಗಳ ಕೆಳಗೆ. 796 ಸಿ.ಸಿ.ಯ, ಮೂರು ಸಿಲಿಂಡರುಗಳ ಆ ಯಂತ್ರದ ಮೇಲೆಯೇ ಕುಳಿತು ಜನ ಊರೂರು ತಿರುಗಿದರು. ಬೇಸಗೆಯಲ್ಲಿ ಅದರ ಕಾವು ತಟ್ಟಿದಾಗ ಮಾತ್ರ ಅವರಿಗೆ ಅದರ ನೆನಪಾಗುತ್ತಿತ್ತು.

ತೀರ್ಥಹಳ್ಳಿಯ ಕಡೆಯ ನಿವೃತ್ತ ಮೇಷ್ಟರೊಬ್ಬರು ಅಂಥದೊಂದು ವ್ಯಾನನ್ನು 1996ರಲ್ಲಿ ಕೊಂಡಿದ್ದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಪೆಟ್ರೋಲ್ ಎಂಜಿನ್ನಿನ ನಾಲ್ಕು ಹೊಡೆತಗಳನ್ನು ಕರಿಹಲಗೆಯ ಮೇಲೆ ಅವರು ಬರೆದಂತೆ ಬರೆಯುವವರು ಜಿಲ್ಲೆಯಲ್ಲಿಯೇ ಇರಲಿಲ್ಲವೆಂದು ಅವರ ಶಿಷ್ಯರು ಹೇಳುತ್ತಿದ್ದರು. ಪಿಸ್ಟನ್ನು ಮೇಲಕ್ಕೇರಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಹಿಡಿದ ಚಿತ್ರಕ್ಕೆ ಬಂದೊಡನೆ ಹಳದಿ ಸೀಮೆಸುಣ್ಣವನ್ನು ತೆಗೆದುಕೊಂಡು ಒಂದು ನಕ್ಷತ್ರವನ್ನು ಬರೆಯುವರು. ಅದೇ ಕಿಡಿ, ಅದನ್ನು ಕೊಡುವುದೇ ಸ್ಪಾರ್ಕ್ ಪ್ಲಗ್ಗು. ಆದರೆ ನಕ್ಷತ್ರವನ್ನು ಅಷ್ಟು ಸಲ ಬರೆದ ಆ ಕೈ ನಿಜವಾದ ಪ್ಲಗ್ಗೊಂದನ್ನು ಎಂದೂ ಬಿಚ್ಚಿರಲಿಲ್ಲ.

2008ರ ಜುಲೈ ತಿಂಗಳು. ಮಡದಿಯ ಕಣ್ಣಿನ ಪೊರೆಯನ್ನು ತೋರಿಸಲು ಮೇಷ್ಟರು ಮಣಿಪಾಲಕ್ಕೆ ಹೋಗಿ ಹಿಂದಿರುಗುತ್ತಿದ್ದರು. ಸೋಮೇಶ್ವರ ದಾಟಿ ಆಗುಂಬೆಯ ಘಾಟಿಯನ್ನು ಏರತೊಡಗಿದಾಗ ಮಳೆ ಜಡಿದು ಹೊಡೆಯುತ್ತಿತ್ತು. ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿದಿರಬಹುದು. ವ್ಯಾನು ಇದ್ದಕ್ಕಿದ್ದಂತೆ ನಡುಗಿತು, ಮುಗ್ಗರಿಸಿತು, ಮತ್ತೆ ಎಳೆಯಿತು, ಮತ್ತೆ ಮುಗ್ಗರಿಸಿತು.

“ಇದಕ್ಕೂ ದಮ್ಮು ಶುರುವಾಯ್ತೇನ್ರೀ?” ಎಂದರು ಆಕೆ.

ಮೇಷ್ಟರು ನಗಲಿಲ್ಲ. ಅವರ ಮನೆ ಬಸ್ಸಿನ ರಸ್ತೆಯಿಂದ ನಾಲ್ಕು ಕಿಲೋಮೀಟರು ಒಳಗೆ, ತೋಟದ ನಡುವೆ. “ಈ ವಯಸ್ಸಿನಲ್ಲಿ ಅಪ್ಪಯ್ಯ ಗಾಡಿ ಓಡಿಸುವುದು ಸಾಕು, ಅದನ್ನು ಮಾರಿ ನೀವಿಬ್ಬರೂ ಬೆಂಗಳೂರಿಗೆ ಬಂದುಬಿಡಿ” ಎಂದು ಮಗ ಪ್ರತಿ ಭಾನುವಾರವೂ ಫೋನು ಮಾಡುತ್ತಿದ್ದನು. ವ್ಯಾನು ಹೋದರೆ ತೋಟದ ಮನೆಯೂ ಹೋದಂತೆಯೇ. ಮೊದಲನೆಯ ಗೇರಿನಲ್ಲಿ ತೆವಳುತ್ತ ಘಾಟಿಯನ್ನು ಹತ್ತಿಸಿ, ಕತ್ತಲಾದ ಮೇಲೆ ಮನೆ ಸೇರಿದ ಅವರಿಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಮೆಕ್ಯಾನಿಕ್ಕು ಮೋಟಾರ್ ಸೈಕಲ್ಲಿನಲ್ಲಿ ಬಂದನು. ನಲವತ್ತರ ಆಸುಪಾಸಿನವನು. “ನಮಸ್ಕಾರ ಸಾರ್, ನಾನು ನಿಮ್ಮ ಶಿಷ್ಯ” ಎಂದನು. ಮೇಷ್ಟರಿಗೆ ಹೆಸರು ನೆನಪಾಗಲಿಲ್ಲ. ಆದರೆ ಮುಖವನ್ನು ಒಂದು ಕ್ಷಣ ನೋಡುತ್ತಲೇ ಅಂಕ ನೆನಪಾಯಿತು: ವಿಜ್ಞಾನದಲ್ಲಿ ನೂರಕ್ಕೆ ಹನ್ನೊಂದು. ಹೆಸರು ಮರೆತರೂ ಅಂಕವನ್ನು ಮರೆಯದಿರುವುದು ಮೇಷ್ಟರುಗಳ ಹುಟ್ಟುಗುಣ.

ಅವನು ಆಸನವನ್ನು ಎತ್ತಿ, ಎಂಜಿನ್ನಿನ ಮೇಲೆ ಅಂಗೈಯಿಟ್ಟು ಅದು ತಣ್ಣಗಿದೆಯೆಂದು ಖಚಿತಪಡಿಸಿಕೊಂಡನು. ಪ್ಲಗ್ಗು ಕೂರುವ ಸಿಲಿಂಡರಿನ ತಲೆ ಅಲ್ಯೂಮಿನಿಯಮ್ಮಿನದು. ಬಿಸಿಯಾಗಿರುವಾಗ ಬಲವಂತ ಮಾಡಿದರೆ ಅದರ ಮೆತ್ತನೆಯ ಮರೆ ಕಿತ್ತು ಬರುತ್ತದೆ. ಅನಂತರ ಪ್ಲಗ್ಗಿನ ಸುತ್ತಲಿನ ಧೂಳನ್ನು ಊದಿ ತೆಗೆದನು. ಒಂದು ಮರಳಿನ ಕಣ ಒಳಗೆ ಬಿದ್ದರೂ ಸಿಲಿಂಡರಿಗೆ ಗೀರು ಬೀಳುತ್ತದೆ. ತಂತಿಯನ್ನು ಹಿಡಿದೆಳೆಯದೆ, ಅದರ ತುದಿಯ ರಬ್ಬರಿನ ಟೊಪ್ಪಿಗೆಯನ್ನು ಹಿಡಿದು ತಿರುಚಿ ಬಿಡಿಸಿದನು. ಮೂರನ್ನೂ ಒಮ್ಮೆಗೇ ಕಳಚಲಿಲ್ಲ. ಒಂದನ್ನು ತೆಗೆದು, ನೋಡಿ, ಅದರ ಜಾಗಕ್ಕೆ ಹೊಸದನ್ನು ಹಾಕಿ, ತಂತಿ ಸೇರಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿದನು. ತಂತಿಗಳು ಅದಲುಬದಲಾದರೆ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತದೆ.

ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಕಾಯಿಲ್ಲು ಹದಿನೈದು ಇಪ್ಪತ್ತು ಸಾವಿರ ವೋಲ್ಟಿಗೆ ಏರಿಸುವುದನ್ನೂ, ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಕಿಡಿಗಳನ್ನು ಕೊಡುವುದನ್ನೂ ವಿವರಿಸಿದರು. 1860ರಲ್ಲಿ ಲೆನ್ವಾರ್ ಎಂಬಾತನು ತನ್ನ ಅನಿಲ ಎಂಜಿನ್ನಿಗೆ ವಿದ್ಯುತ್ ಕಿಡಿಯನ್ನು ಬಳಸಿದ್ದು, 1902ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆಯ ಹೊನೋಲ್ಡನು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಪ್ಲಗ್ಗುಗಳ ಜೋಡಿಯನ್ನು ರೂಪಿಸಿದ್ದು, ಆ ವಂಶದ ಕುಡಿಯಾಗಿ 1951ರಲ್ಲಿ ಸ್ಥಾಪನೆಗೊಂಡ ‘ಮೈಕೋ’ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ್ದು, ಆ ವರ್ಷವೇ, ಅಂದರೆ 2008ರಲ್ಲಿ, ಅದು ಬಾಷ್ ಎಂಬ ಹೆಸರನ್ನೇ ತಳೆದದ್ದು, ಇವೆಲ್ಲವೂ ಬಂದುವು. ಶಿಷ್ಯನು ಹಿಂದಿನಂತೆಯೇ ವಿನಯದಿಂದ “ಹೌದು ಸಾರ್” ಎನ್ನುತ್ತಿದ್ದನು. ಅವನ ಕಣ್ಣು ಮಾತ್ರ ಫೀಲರ್ ಗೇಜಿನ ಮೇಲಿತ್ತು. ಹೊಸ ಪ್ಲಗ್ಗಿನ ಎರಡು ತುದಿಗಳ ನಡುವಣ ಅಂತರ ಒಂದು ಮಿಲಿಮೀಟರಿನ ಮುಕ್ಕಾಲು ಪಾಲಿನಷ್ಟಿರಬೇಕು. ತೀರ ಕಿರಿದಾದರೆ ಕಿಡಿ ದುರ್ಬಲ; ಅಗಲವಾದರೆ ಹಾರುವುದೇ ಇಲ್ಲ.

ಬಿಚ್ಚಿದ ಎರಡು ಪ್ಲಗ್ಗುಗಳು ಜಗಲಿಯ ಮೇಲೆ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಮಲಗಿದುವು. ಅವುಗಳ ತುದಿ ಸವೆದಿತ್ತು. ಬಣ್ಣ ಒಣಗಿದ ಅಡಕೆಯ ಹಾಗೆ ತಿಳಿಕಂದು. ಅದು ಆರೋಗ್ಯದ ಬಣ್ಣ. ವೈದ್ಯನು ನಾಲಗೆಯನ್ನು ನೋಡುವಂತೆ ಮೆಕ್ಯಾನಿಕ್ಕು ಪ್ಲಗ್ಗಿನ ತುದಿಯನ್ನು ನೋಡುತ್ತಾನೆ. ಒಣ ಮಸಿ ಕಂಡರೆ ಪೆಟ್ರೋಲು ಹೆಚ್ಚಾಗಿದೆ. ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಒಳಗೆ ಕಾವು ಮಿತಿಮೀರಿದೆ.

ಮೂರನೆಯದು ಹೊರಬಂದಿತು. ಅದು ತೊಯ್ದು ಕಪ್ಪಾಗಿ, ಜಿಡ್ಡಿನಿಂದ ಮಿರಮಿರನೆ ಮಿಂಚುತ್ತಿತ್ತು.

“ಇದೇ ನೋಡು ಕಳ್ಳ!” ಎಂದರು ಮೇಷ್ಟರು ಉತ್ಸಾಹದಿಂದ. “ಮೂವರಲ್ಲಿ ಒಬ್ಬ ದಡ್ಡ ಇದ್ದೇ ಇರ್ತಾನೆ. ಎಸೆದು ಹೊಸದು ಹಾಕು ಮಾರಾಯ, ಆಯ್ತು.”

ಅವನು ಎಸೆಯಲಿಲ್ಲ, ಬೆಳಕಿಗೆ ಹಿಡಿದು ನೋಡಿದನು. “ಪ್ಲಗ್ಗಿನ ತಪ್ಪಲ್ಲ ಸಾರ್. ಇದು ಕೂತ ಕೋಣೆಗೆ ಮೇಲಿಂದ ಎಣ್ಣೆ ಇಳೀತಾ ಇದೆ. ಹೊಸದು ಹಾಕಿದರೆ ನಾಲ್ಕು ದಿನ ಚೆನ್ನಾಗಿ ಓಡತ್ತೆ. ಆಮೇಲೆ ಅದೂ ಹೀಗೇ ಆಗತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರ್ತದಾ?”

“ಒಂದು ತಿಂಗಳಿಂದ ಬರ್ತಿದೆಯಪ್ಪ” ಎಂದು ಒಳಗಿನಿಂದ ಮಡದಿಯ ದನಿ ಕೇಳಿಸಿತು. “ನಾನು ಹೇಳಿದರೆ ಇವರು ಕಿವಿಗೆ ಹಾಕಿಕೊಂಡರಲ್ಲವೇ?” ಪೊರೆ ಬಂದ ಕಣ್ಣಿಗೂ ಕಂಡ ಹೊಗೆ ಮೇಷ್ಟರಿಗೆ ಕಂಡಿರಲಿಲ್ಲ.

“ವಾಲ್ವಿನ ಸೀಲು ಸವೆದಿದೆ ಸಾರ್. ಎಣ್ಣೆ ಮಸಿಯಾಗಿ ಕೂತ ಮೇಲೆ ಕರೆಂಟು ಅದರ ಮೇಲೇ ಜಾರಿ ಹೋಗತ್ತೆ, ಕಿಡಿ ಹಾರಲ್ಲ. ಸಪಾಟು ರಸ್ತೇಲಿ ಗೊತ್ತಾಗಲ್ಲ. ಘಾಟಿ ಹತ್ತುವಾಗ ಒಳಗೆ ಒತ್ತಡ ಜಾಸ್ತಿ, ಕಿಡಿ ಹಾರೋದು ಇನ್ನೂ ಕಷ್ಟ. ಅಲ್ಲಿ ಸಿಕ್ಕಿಬೀಳತ್ತೆ, ಪರೀಕ್ಷೇಲಿ ಸಿಕ್ಕಿಬಿದ್ದ ಹಾಗೆ.”

ಅವನು ತಮಾಷೆಗೆಂದೇ ಹೇಳಿದ್ದು. ಮೇಷ್ಟರು ಮಾತ್ರ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಹನ್ನೊಂದು ಅಂಕದ ಆ ಉತ್ತರಪತ್ರಿಕೆಯನ್ನು ಅವರು ತರಗತಿಯ ಮುಂದೆ ಎತ್ತಿಹಿಡಿದು ತೋರಿಸಿದ್ದರು, ಹುಡುಗರೆಲ್ಲ ನಕ್ಕಿದ್ದರು.

“ಆಗ ನೀನು ಸಂಜೆ ಹೊತ್ತು ಏನು ಮಾಡ್ತಿದ್ದೆ?” ಎಂದು ಕೇಳಿದರು.

“ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕ್ತಿದ್ದೆ ಸಾರ್. ಅಪ್ಪನಿಗೆ ಎದೆರೋಗ, ಕೂರೋಕೆ ಆಗ್ತಿರಲಿಲ್ಲ. ಬಾಗಿಲು ಹಾಕುವಾಗ ಹತ್ತು ಗಂಟೆ ಆಗ್ತಿತ್ತು.”

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ.”

“ಅದರಲ್ಲಿ ಹೇಳೋದಕ್ಕೇನಿತ್ತು ಸಾರ್?” ಎಂದು ಅವನು ಕೊನೆಯ ಹೊಸ ಪ್ಲಗ್ಗನ್ನು ಅವರ ಕೈಗಿತ್ತನು. “ಇದನ್ನು ನೀವೇ ಹಾಕಿ.”

ಮೇಷ್ಟರು ಪಂಚೆಯನ್ನು ಎತ್ತಿ ಕಟ್ಟಿ, ಬಗ್ಗಿ, ಪ್ಲಗ್ಗನ್ನು ರಂಧ್ರಕ್ಕೆ ಇಟ್ಟು ತಿರುಗಿಸಿದರು. ಅರ್ಧ ಸುತ್ತಿಗೇ ಬಿಗಿಯಾಯಿತು. ಸ್ಪ್ಯಾನರಿಗೆ ಕೈಹಾಕಿದಾಗ ಶಿಷ್ಯನು ತಡೆದನು. “ಬಲ ಬೇಡ ಸಾರ್, ಮರೆ ಓರೆಯಾಗಿ ಹಿಡಿದಿದೆ. ಬಿಚ್ಚಿ ಮತ್ತೆ ಕೂರಿಸಿ. ಸರಿಯಾಗಿ ಕೂತರೆ ಬೆರಳಿಗೇ ಗೊತ್ತಾಗತ್ತೆ.” ಮೂರನೆಯ ಪ್ರಯತ್ನಕ್ಕೆ ಅದು ತಾನೇ ತಾನಾಗಿ, ನೀರಿನಲ್ಲಿ ಇಳಿದಂತೆ ಇಳಿಯಿತು. ಬೆರಳಿನಿಂದ ತಿರುಗುವಷ್ಟೂ ತಿರುಗಿಸಿದ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು ಬಿಗಿದರು. ಹೊಸ ಪ್ಲಗ್ಗಿನ ವಾಷರು ಕೂರಲು ಅಷ್ಟು ಸಾಕು. ಕೀಲಿ ತಿರುಗಿಸಿದೊಡನೆ ಎಂಜಿನ್ನು ನಡುಕವಿಲ್ಲದೆ, ಒಂದೇ ಸಮನಾಗಿ ಹಾಡತೊಡಗಿತು.

ಮರುವಾರ ಅವನು ವ್ಯಾನನ್ನು ಎರಡು ದಿನ ತನ್ನ ಶೆಡ್ಡಿನಲ್ಲಿ ಇರಿಸಿಕೊಂಡು ಸೀಲುಗಳನ್ನು ಬದಲಾಯಿಸಿಕೊಟ್ಟನು. ನೀಲಿ ಹೊಗೆ ನಿಂತಿತು. ಭಾನುವಾರ ಮಗನ ಫೋನು ಬಂದಾಗ ಮಾರುವ ಮಾತಿಗೆ ಮೇಷ್ಟರು ಅವಕಾಶವನ್ನೇ ಕೊಡಲಿಲ್ಲ. ಆಗಸ್ಟಿನಲ್ಲಿ ಮಡದಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅದೇ ವ್ಯಾನು ಘಾಟಿಯನ್ನು ಇಳಿದು, ಮುಗ್ಗರಿಸದೆ ಏರಿ ಬಂದಿತು.

ಆ ವರ್ಷದ ದಸರೆಯ ರಜೆಗೆ ಮೊಮ್ಮಗನು ಊರಿಗೆ ಬಂದನು. ಸೊಸೆ ಅವನ ಅಂಕಪಟ್ಟಿಯನ್ನು ಮಾವನವರ ಮುಂದಿಟ್ಟು, “ನೀವೇ ಸ್ವಲ್ಪ ಬುದ್ಧಿ ಹೇಳಿ ಮಾವ, ವಿಜ್ಞಾನದಲ್ಲಿ ತೀರ ಕಡಿಮೆ” ಎಂದಳು. ಹುಡುಗನು ತಲೆ ತಗ್ಗಿಸಿ ನಿಂತನು. ಮೇಷ್ಟರು ಕನ್ನಡಕವನ್ನು ಹಾಕಿಕೊಳ್ಳಲಿಲ್ಲ. ಪಟ್ಟಿಯನ್ನು ಮಡಿಸಿ ಬದಿಗಿಟ್ಟರು.

“ಇಲ್ಲಿ ಬಾರೋ ಪುಟ್ಟ” ಎಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: “ಬೆಂಗಳೂರಿನಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ?”